ಕುದುರೆಯ ಮದ್ದು: ಕೌಟಿಲ್ಯನ ದಂಡದಿಂದ ಪಂದ್ಯದ ಕಟ್ಟಳೆಯವರೆಗೆ

ಹಳಗನ್ನಡದ ‘ಮರ್ದು’ ನಡುಗನ್ನಡವನ್ನು ದಾಟಿ ‘ಮದ್ದು’ ಆಯಿತು. ರೋಗ ಕಳೆಯುವುದೂ ಮದ್ದು, ಆಗದವರ ಅನ್ನದಲ್ಲಿ ಗುಟ್ಟಾಗಿ ಬೆರೆಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ನಾಮಪದವು ಈ ಅರ್ಥಗಳನ್ನು ಬೇರ್ಪಡಿಸುವುದಿಲ್ಲ. ಆ ಕೆಲಸವನ್ನು ಮಾಡುವುದು ಅದರ ಜೊತೆಯ ಕ್ರಿಯಾಪದ. ‘ಮದ್ದು ಕೊಟ್ಟರು’ ಎಂದರೆ ಚಿಕಿತ್ಸೆ. ‘ಮದ್ದು ಹಾಕಿದರು’ ಎಂದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ಜೂಜಿನ ಕುದುರೆಗೆ ‘ಮದ್ದು ಹಾಕಿದ್ದಾರೆ’ ಎಂಬ ಮಾತನ್ನು ಕನ್ನಡ ಬಲ್ಲ ಯಾರೂ ಅದರ ಕಾಯಿಲೆಗೆ ಉಪಚಾರ ನಡೆದಿದೆ ಎಂದು ತಿಳಿಯಲಾರರು. ಕುದುರೆಯ ವೈದ್ಯಕ್ಕೆ ಸಂಬಂಧಿಸಿದ ಕಾನೂನುಗಳ ಚರಿತ್ರೆ ಹೆಚ್ಚುಕಡಿಮೆ ಈ ಎರಡು ಕ್ರಿಯಾಪದಗಳ ನಡುವೆ ನಡೆದು ಬಂದಿದೆ. ಪ್ರಾಚೀನರ ಕಟ್ಟಳೆ ಮದ್ದು ಕೊಡದವನನ್ನು ಹಿಡಿಯಿತು; ಆಧುನಿಕರ ಕಟ್ಟಳೆ ಮದ್ದು ಹಾಕಿದವನನ್ನು ಹಿಡಿಯುತ್ತದೆ. ಇವೆರಡೂ ಒಂದೇ ಪ್ರಾಣಿಯ ಕುರಿತಾದವು. ಆದರೆ ಆ ಪ್ರಾಣಿಯ ಮೇಲೆ ನಮಗಿರುವ ಹೊಣೆ ಯಾವುದು ಎಂಬ ಬಗೆಗೆ ಅವು ಒಂದೇ ಮಾತನ್ನು ಹೇಳುತ್ತವೆಯೇ ಎಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಈ ವಿಚಾರಕ್ಕೆ ಮೊದಲ ಆಧಾರ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ತಂಜಾವೂರಿನ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಗ್ರಂಥಲಿಪಿಯ ಓಲೆಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಹೊರಬಂದಿತು. ರಾಜನೀತಿಯ ಗ್ರಂಥವೆಂದೇ ನಮ್ಮ ವಿದ್ಯಾರ್ಥಿಗಳು ಇದರ ಹೆಸರನ್ನು ಕೇಳಿರುತ್ತಾರೆ. ಗೂಢಚಾರರ ಅಧ್ಯಾಯವನ್ನು ಎಲ್ಲರೂ ಬಲ್ಲರು. ಎರಡನೆಯ ಅಧಿಕರಣದ ಮೂವತ್ತನೆಯ ಅಧ್ಯಾಯವನ್ನು, ಅಂದರೆ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗವನ್ನು, ಓದಿದವರು ವಿರಳ. ಆಡಳಿತಗಾರನ ಒಣ ಭಾಷೆಯಲ್ಲಿರುವ ಆ ಅಧ್ಯಾಯ ನಿಧಾನವಾದ ಓದಿಗೆ ತಕ್ಕುದು.

ಅಶ್ವಾಧ್ಯಕ್ಷನ ಮೊದಲ ಕೆಲಸ ದಾಖಲೆ. ಲಾಯದ ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ವರ್ಗ, ಎಲ್ಲಿಂದ ಬಂದಿತೆಂಬ ವಿವರ ಇವೆಲ್ಲ ಲೆಕ್ಕಪುಸ್ತಕದಲ್ಲಿ ಏರಬೇಕು. ಕ್ರಯಕ್ಕೆ ಕೊಂಡದ್ದೋ, ಯುದ್ಧದಲ್ಲಿ ಗೆದ್ದದ್ದೋ, ಲಾಯದಲ್ಲೇ ಹುಟ್ಟಿದ್ದೋ, ಒತ್ತೆಯಾಗಿ ಬಂದದ್ದೋ ಎಂಬುದೂ ತಿಳಿದಿರಬೇಕು. ಅಂಗವೈಕಲ್ಯವುಳ್ಳದ್ದನ್ನೂ ರೋಗವುಳ್ಳದ್ದನ್ನೂ ಮೇಲಿನವರಿಗೆ ಅರುಹಬೇಕು. ಇಂದು ಪಂದ್ಯದ ಕುದುರೆಗೆ ಹುಟ್ಟಿದಾಗಲೇ ಗುರುತಿನ ಪುಸ್ತಕವೊಂದನ್ನು ಮಾಡಿಸುತ್ತಾರೆ. ಅದರಲ್ಲಿ ತಂದೆತಾಯಿಯ ಹೆಸರು, ಬಣ್ಣ, ಹಣೆಯ ಬಿಳಿಮಚ್ಚೆ, ಕಾಲಿನ ಸುಳಿ ಎಲ್ಲವನ್ನೂ ಬರೆದಿಡುತ್ತಾರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಓಡಿಸುವ ಮೋಸಕ್ಕೆ ಇದು ತಡೆ. ಕೌಟಿಲ್ಯನಿಗಿದ್ದ ಚಿಂತೆ ಬೊಕ್ಕಸದ್ದು, ಇಂದಿನವರದ್ದು ಜೂಜಿನದ್ದು. ಆದರೂ ದಾಖಲೆಯ ಬಾಬುಗಳು ಮಾತ್ರ ಬಹುಮಟ್ಟಿಗೆ ಅವೇ ಆಗಿರುವುದು ಗಮನಾರ್ಹ.

ಮುಂದೆ ಆಹಾರದ ಪ್ರಮಾಣ. ಈದ ಕುದುರೆಗೆ ಮೊದಲ ಮೂರು ದಿನ ತುಪ್ಪ, ಆಮೇಲೆ ಹತ್ತು ರಾತ್ರಿಗಳವರೆಗೆ ಜಿಡ್ಡು ಬೆರೆತ ಔಷಧದ ಪಾನ. ಉತ್ತಮ ಕುದುರೆಗೆ ಎರಡು ದ್ರೋಣ ಧಾನ್ಯ, ಒಂದು ಪ್ರಸ್ಥ ಜಿಡ್ಡು, ಐದು ಪಲ ಉಪ್ಪು, ಐವತ್ತು ಪಲ ಮಾಂಸ, ಮೇವಿನ ಉಂಡೆಯನ್ನು ನೆನೆಸಲು ಮೊಸರು ಅಥವಾ ರಸ, ಕುಡಿಯಲು ಒಂದು ಪ್ರಸ್ಥ ಸುರೆ ಇಲ್ಲವೆ ಅದರ ಎರಡರಷ್ಟು ಹಾಲು. ದೂರದ ಪಯಣದಿಂದಲೋ ಹೊರೆಯಿಂದಲೋ ಬಳಲಿದ ಕುದುರೆಗೆ ಬಸ್ತಿ ಮತ್ತು ನಸ್ಯಗಳನ್ನು ಹೇಳಿದ್ದಾನೆ. ಈ ಪಟ್ಟಿಯಲ್ಲಿ ಬರುವ ಮಾಂಸ ಮತ್ತು ಸುರೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವುಗಳ ಮಾತು ಮತ್ತೆ ಬರುತ್ತದೆ.

ನಮಗೆ ಮುಖ್ಯವಾದುದು ದಂಡದ ಭಾಗ. ವೈದ್ಯನು ವಿಶ್ರಾಂತಿಗೆಂದು ತಡೆಹಿಡಿದಿರುವ ಕುದುರೆಯನ್ನು ಏರಿ ನಡೆಸಿದವನಿಗೆ ಹನ್ನೆರಡು ಪಣ ದಂಡ. ಚಿಕಿತ್ಸೆ ಮತ್ತು ಔಷಧಗಳಿಗೆ ಅಡ್ಡಿಯುಂಟಾಗಿ ರೋಗ ಹೆಚ್ಚಿದರೆ ಆ ಪರಿಹಾರಕ್ಕೆ ತಗಲುವ ವೆಚ್ಚದ ಇಮ್ಮಡಿ ದಂಡ. ಅವರ ತಪ್ಪಿನಿಂದಲೇ ಪ್ರಾಣಿಗೆ ಕೇಡಾದರೆ ಅದರ ಬೆಲೆಯೇ ದಂಡ. ಇದೇ ನಿಯಮ ದನ, ಕತ್ತೆ, ಒಂಟೆ, ಎಮ್ಮೆ, ಆಡು, ಕುರಿಗಳಿಗೂ ಅನ್ವಯವೆಂದು ಒಂದೇ ಮಾತಿನಲ್ಲಿ ಸೇರಿಸಿ ಮುಂದೆ ಹೋಗುತ್ತಾನೆ. ಹುಲ್ಲು ಹಾಕುವವನು, ಮೇವು ಬೇಯಿಸುವವನು, ಕೂದಲು ಕತ್ತರಿಸುವವನು, ವಿಷವೈದ್ಯ ಹೀಗೆ ಲಾಯದ ಪ್ರತಿಯೊಬ್ಬನಿಗೂ ಅವನವನ ಕೆಲಸ ಗೊತ್ತುಪಡಿಸಿದೆ. ತಪ್ಪಿದರೆ ಆ ದಿನದ ಕೂಲಿ ಹೋಯಿತು.

ಲಾಯದಲ್ಲಿ ಮಂಗ, ನವಿಲು, ಚುಕ್ಕಿಯ ಜಿಂಕೆ, ಮುಂಗುಸಿ, ಚಕೋರ, ಗಿಳಿ, ಸಾರಿಕೆಗಳು ಇರಬೇಕೆಂದೂ ಅಲ್ಲಿ ಹೇಳಿದೆ. ಇದನ್ನು ಅಲಂಕಾರವೆಂದು ಭಾವಿಸಿ ಮುಂದೆ ಸಾಗುವುದು ಸುಲಭ. ಆದರೆ ಅದೇ ಗ್ರಂಥದ ಮೊದಲ ಅಧಿಕರಣದಲ್ಲಿ, ಅರಮನೆಯ ರಕ್ಷಣೆಯ ಪ್ರಸಂಗದಲ್ಲಿ, ವಿಷ ಸಮೀಪವಿದ್ದರೆ ಚಕೋರದ ಕಣ್ಣು ಬಣ್ಣಗೆಡುತ್ತದೆ ಎಂಬ ಮಾತಿದೆ. ಎರಡನ್ನೂ ಸೇರಿಸಿ ಓದಿದರೆ ಲಾಯದ ಚಕೋರವು ಅಂದಿನ ಪರೀಕ್ಷಾಲಯ ಎಂದು ನನಗೆ ತೋರುತ್ತದೆ. ಹಕ್ಕಿಯ ಕಣ್ಣಿನಿಂದ ವಿಷ ಪತ್ತೆಯಾಗುತ್ತದೆಯೇ ಎಂಬ ಪ್ರಶ್ನೆ ಬೇರೆ; ಕುದುರೆಯ ಮೇವಿಗೆ ಯಾರಾದರೂ ಏನನ್ನಾದರೂ ಬೆರೆಸಬಹುದೆಂಬ ಅಂಜಿಕೆ ಅಂದೇ ಇತ್ತು ಎಂಬುದಂತೂ ಸ್ಪಷ್ಟ. ಇದನ್ನು ಓದಿ ನಗುವ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು: 1930ರ ದಶಕದ ಅಮೆರಿಕದಲ್ಲಿ ಪಂದ್ಯದ ಕುದುರೆಯ ಜೊಲ್ಲಿನ ಸಾರವನ್ನು ಇಲಿಗೆ ಚುಚ್ಚಿ, ಇಲಿಯ ಬಾಲ ಸೆಟೆದು ಬೆನ್ನ ಮೇಲೆ ಬಾಗಿದರೆ ಅಫೀಮಿನ ಅಂಶವಿದೆ ಎಂದು ತೀರ್ಮಾನಿಸುತ್ತಿದ್ದರು.

ಶಾಸ್ತ್ರವಿದ್ದ ಮಾತ್ರಕ್ಕೆ ಕುದುರೆ ಬದುಕಲಿಲ್ಲ. ದಕ್ಷಿಣದ ಹವೆ ಕುದುರೆಗೆ ಒಗ್ಗದು. ಅರಬ್ಬೀ ದೇಶಗಳಿಂದಲೂ ಪಾರಸಿಕದಿಂದಲೂ ಹಡಗಿನಲ್ಲಿ ಬಂದಿಳಿಯುತ್ತಿದ್ದ ಕುದುರೆಗಳ ವ್ಯಾಪಾರವೇ ನಮ್ಮ ಮಧ್ಯಯುಗದ ಅರಸರ ಬಹುದೊಡ್ಡ ವೆಚ್ಚ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಾರೆ, ವರ್ಷದ ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು ಎಂದು ಬರೆದಿದ್ದಾನೆ. ಬೇಯಿಸಿದ ಅಕ್ಕಿ, ಮಾಂಸಗಳನ್ನು ತಿನ್ನಿಸುವುದನ್ನೂ ಅವನು ಕಾಣುತ್ತಾನೆ. ಉಪಚಾರ ಬಲ್ಲವರು ಅಲ್ಲಿಲ್ಲ, ಕುದುರೆ ಮಾರುವ ವರ್ತಕರು ಬಲ್ಲವರನ್ನು ಅಲ್ಲಿಗೆ ಹೋಗಗೊಡುವುದೂ ಇಲ್ಲ, ಕುದುರೆ ಸತ್ತಷ್ಟೂ ಅವರಿಗೆ ಲಾಭ ಎಂಬುದು ಅವನ ವಿವರಣೆ. ಪರದೇಶಿಯ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಮಾಂಸದ ಮೇವು ಅಜ್ಞಾನವೆಂದು ಅವನು ತಿಳಿದರೂ ಅದಕ್ಕೆ ಶಾಸ್ತ್ರದ ಆಧಾರವಿತ್ತೆಂಬುದನ್ನು ಮೇಲೆ ಕಂಡೆವು. ಆದರೆ ವೈದ್ಯದ ಕೊರತೆಯಿಂದಲೇ ಹಣ ಮಾಡುವ ವರ್ಗವೊಂದು ಇತ್ತೆಂಬ ಅವನ ಸೂಚನೆಯನ್ನು ತಳ್ಳಿಹಾಕಲಾಗದು. ವಿಜಯನಗರದ ಬಗೆಗೆ ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಹೇಳುತ್ತಾನೆ. ಅವನ ಲೆಕ್ಕದಂತೆ ಮುಂದೆ ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಸಾಲುಸಾಲಾಗಿ ನಡೆಯುವ ಕುದುರೆಗಳನ್ನು ನೋಡುವಾಗ ಈ ಬಾಲದ ಲೆಕ್ಕವೂ ನೆನಪಿಗೆ ಬಂದರೆ ಒಳ್ಳೆಯದು.

ಈ ಹಿನ್ನೆಲೆಯಲ್ಲಿ ಕನ್ನಡದ ಪಶುವೈದ್ಯ ಗ್ರಂಥಗಳ ಹುಟ್ಟನ್ನು ಅರ್ಥೈಸಬೇಕು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ವೈಹಾಳಿಯನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ಸೇರಿಸಿ, ಕುದುರೆಗಳ ತಳಿಗಳನ್ನೂ ಲಕ್ಷಣಗಳನ್ನೂ ವಿವರಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು, 17ನೆಯ ಶತಮಾನದಲ್ಲಿ ಮೈಸೂರಿನ ಪದ್ಮಣಪಂಡಿತನು ‘ಹಯಸಾರಸಮುಚ್ಚಯ’ವನ್ನು ಬರೆದರು. ಕೀರ್ತಿವರ್ಮ, ಅಭಿನವಚಂದ್ರ, ಪದ್ಮಣಪಂಡಿತ ಈ ಮೂವರೂ ಜೈನರು. ಇದು ಆಕಸ್ಮಿಕವಲ್ಲ. ಶಾಲಿಹೋತ್ರ, ನಕುಲ, ಜಯದತ್ತರ ಹೆಸರಿನಲ್ಲಿ ಸಂಸ್ಕೃತದಲ್ಲಿ ಹಯಶಾಸ್ತ್ರವಿತ್ತು. ಶಾಲಿಹೋತ್ರನ ಹೆಸರೇ ಹಿಂದೂಸ್ತಾನಿಯಲ್ಲಿ ‘ಸಾಲೋತ್ರಿ’ಯಾಗಿ ಕುದುರೆವೈದ್ಯನೆಂಬ ಅರ್ಥವನ್ನೇ ಪಡೆಯಿತು. ವಿರಾಟನ ಮನೆಯಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಲಾಯವನ್ನು ನೋಡಿಕೊಂಡ ನಕುಲನನ್ನು ನಮ್ಮ ಭಾರತಕಥೆಯ ಓದುಗರೆಲ್ಲ ಬಲ್ಲರು. ಆ ವಿದ್ಯೆಯನ್ನು ಲಾಯದಲ್ಲಿ ಕೆಲಸ ಮಾಡುವವನ ಮಾತಿಗೆ ಇಳಿಸುವ ಹೊಣೆಯನ್ನು ಕನ್ನಡದಲ್ಲಿ ಹೆಚ್ಚಾಗಿ ಹೊತ್ತವರು ಜೈನ ಪಂಡಿತರು. ಶಾಸ್ತ್ರದಾನ, ಔಷಧದಾನಗಳಿಗೆ ಅವರ ಪರಂಪರೆಯಲ್ಲಿದ್ದ ಸ್ಥಾನ ಇದಕ್ಕೊಂದು ಕಾರಣ. ಇನ್ನೊಂದನ್ನು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಕಾಣಬಹುದು. ಅಹಿಂಸಾಣುವ್ರತದ ಐದು ಅತಿಚಾರಗಳಾಗಿ ಅಲ್ಲಿ ಹೇಳಿರುವುದು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನವನ್ನು ತಡೆಯುವುದು. ಇವು ದನಕರು, ಕುದುರೆಗಳನ್ನು ಇಟ್ಟುಕೊಂಡ ಗೃಹಸ್ಥನನ್ನು ಕಣ್ಣಮುಂದೆ ಇರಿಸಿಕೊಂಡು ಮಾಡಿದ ಕಟ್ಟಳೆಗಳೆಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡ ವಿಭಾಗಗಳಲ್ಲಿ ಈ ಶಾಸ್ತ್ರಸಾಹಿತ್ಯಕ್ಕೆ ಸಿಗುವುದು ಚರಿತ್ರೆಯ ಪತ್ರಿಕೆಯಲ್ಲಿ ಐದು ಅಂಕದ ಒಂದು ಟಿಪ್ಪಣಿ. ಕಾವ್ಯವಲ್ಲದ್ದು ಸಾಹಿತ್ಯವಲ್ಲ ಎಂಬ ಬಿ.ಎಂ.ಶ್ರೀ. ಕಾಲಾನಂತರದ ನಮ್ಮ ರುಚಿ ಇದಕ್ಕೆ ಕಾರಣವೆಂದು ನಾನು ತಿಳಿಯುತ್ತೇನೆ. ಇರಲಿ.

ಇನ್ನು ಇಂಗ್ಲೆಂಡಿಗೆ ಬರೋಣ. ಪಂದ್ಯದ ಕುದುರೆಯ ಕಟ್ಟಳೆಗಳು ರೂಪುಗೊಂಡದ್ದು ಅಲ್ಲಿ. ಮೈಸೂರಿಗೂ ಬೆಂಗಳೂರಿಗೂ ಅವು ಬಂದದ್ದು ದಂಡಿನವರ ಮೂಲಕ. ಅಲ್ಲಿನ ಮೊದಲ ದೊಡ್ಡ ಪ್ರಕರಣ ಚಿಕಿತ್ಸೆಯದ್ದಲ್ಲ, ವಿಷದ್ದು. ನ್ಯೂಮಾರ್ಕೆಟ್ಟಿನಲ್ಲಿ ಕುದುರೆಗಳು ನೀರು ಕುಡಿಯುವ ತೊಟ್ಟಿಗೆ ಪಾಷಾಣ ಬೆರೆಸಿದ ಡೇನಿಯಲ್ ಡಾಸನ್ ಎಂಬವನನ್ನು 1812ರಲ್ಲಿ ಕೇಂಬ್ರಿಜ್‌ನಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದರು. ಗೆಲ್ಲುವ ಕುದುರೆಯನ್ನು ಸೋಲಿಸುವುದು ಆ ಕಾಲದ ಮೋಸ. ಸೋಲುವ ಕುದುರೆಯನ್ನು ಗೆಲ್ಲಿಸುವ ಮೋಸ ಅಮೆರಿಕದಿಂದ ಬಂದಿತು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿಗೆ ಬಂದ ಕೆಲವು ಅಮೆರಿಕನ್ ತರಬೇತುದಾರರು ಕೊಕೇನ್ ಮೊದಲಾದವನ್ನು ಕೊಟ್ಟು ಕೈಲಾಗದ ಕುದುರೆಗಳನ್ನು ಹುಚ್ಚುಹುಚ್ಚಾಗಿ ಓಡಿಸತೊಡಗಿದರು. ಆಗ ಇದನ್ನು ನಿಷೇಧಿಸುವ ನಿಯಮವೇ ಇರಲಿಲ್ಲ. ಜಾರ್ಜ್ ಲ್ಯಾಂಬ್ಟನ್ ಎಂಬ ಗಣ್ಯ ತರಬೇತುದಾರನು ಅಧಿಕಾರಿಗಳ ಕಣ್ಣು ತೆರೆಸಲು, ಮುಂಚಿತವಾಗಿ ತಿಳಿಸಿಯೇ, ತನ್ನ ಲಾಯದ ಐದು ಕೆಲಸಕ್ಕೆ ಬಾರದ ಕುದುರೆಗಳಿಗೆ ಅದೇ ಮದ್ದನ್ನು ಕೊಟ್ಟು ಓಡಿಸಿದನು. ನಾಲ್ಕು ಗೆದ್ದವು, ಒಂದು ಎರಡನೆಯದಾಯಿತು. 1903ರಲ್ಲಿ ಜಾಕಿ ಕ್ಲಬ್ ಅದನ್ನು ಅಪರಾಧವೆಂದು ಸಾರಿತು.

ಅಪರಾಧವೆಂದು ಸಾರಿದರೆ ಸಾಲದು, ಸಾಬೀತಿಗೆ ದಾರಿ ಬೇಕು. 1910ರಲ್ಲಿ ವಿಯೆನ್ನಾದಲ್ಲಿ ಕುದುರೆಯ ಜೊಲ್ಲಿನಿಂದ ಕ್ಷಾರಾಭಗಳನ್ನು ಪತ್ತೆಹಚ್ಚುವ ರಾಸಾಯನಿಕ ಪರೀಕ್ಷೆ ಬಳಕೆಗೆ ಬಂದಿತು. ಮೈಸೂರಿನಲ್ಲಿ ಅರ್ಥಶಾಸ್ತ್ರ ಅಚ್ಚಾದುದು ಅದರ ಹಿಂದಿನ ವರ್ಷ. ಚಾಮುಂಡಿಬೆಟ್ಟದ ಅಡಿಯ ಆ ಊರಿನಲ್ಲಿ ಅಷ್ಟರಲ್ಲಾಗಲೇ, 1891ರಿಂದ, ರೇಸ್ ಕ್ಲಬ್ ಇತ್ತು. ಓಲೆಯನ್ನು ಬಿಡಿಸಿ ಓದುತ್ತಿದ್ದ ಪಂಡಿತರಿಗೂ ಪಂದ್ಯದ ಮೈದಾನಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಕುದುರೆಯ ಮದ್ದಿನ ಹಳೆಯ ಕಾನೂನು ಮತ್ತು ಹೊಸ ಕಾನೂನು ಹೀಗೆ ಒಂದೇ ಕಾಲದಲ್ಲಿ ಬೆಳಕಿಗೆ ಬಂದುದನ್ನು ಚರಿತ್ರೆಯ ವಿದ್ಯಾರ್ಥಿ ಗುರುತು ಹಾಕಿಕೊಳ್ಳಬಹುದು.

ಇಂದಿನ ನಿಯಮದ ತಿರುಳು ಇಷ್ಟು. ಓಟದ ದಿನ ಕುದುರೆಯ ಮೈಯಲ್ಲಿ ನಿಷಿದ್ಧ ದ್ರವ್ಯ ಇರಕೂಡದು. ಅದು ಹೇಗೆ ಬಂದಿತು, ಯಾರು ಕೊಟ್ಟರು, ಕೊಟ್ಟವರ ಉದ್ದೇಶವೇನು ಎಂಬುದು ಎರಡನೆಯ ಪ್ರಶ್ನೆ; ಇದ್ದರೆ ಕುದುರೆಯ ಸ್ಥಾನ ಹೋಯಿತು, ಹೊಣೆ ತರಬೇತುದಾರನದು. ಕೊಟ್ಟ ಔಷಧವನ್ನೆಲ್ಲ ಲಾಯದ ಪುಸ್ತಕದಲ್ಲಿ ದಿನಾಂಕ, ಪ್ರಮಾಣಗಳೊಡನೆ ಬರೆದಿಡಬೇಕು. ಓಟ ಮುಗಿದೊಡನೆ ಆಯ್ದ ಕುದುರೆಗಳನ್ನು ಪ್ರತ್ಯೇಕ ಲಾಯಕ್ಕೆ ಒಯ್ದು, ಸಿಳ್ಳೆ ಹಾಕಿ ಮೂತ್ರ ಮಾಡಿಸಿ, ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕುತ್ತಾರೆ. ಮೊದಲನೆಯದರಲ್ಲಿ ದೋಷ ಕಂಡರೆ ಎರಡನೆಯದನ್ನು ಒಡೆದು ನೋಡುವುದಕ್ಕೆ ಅವಕಾಶವಿದೆ.

ಇಲ್ಲಿಯೇ ತೊಡಕು ಆರಂಭವಾಗುವುದು. ಗಾಯಕ್ಕೆ ಪೆನಿಸಿಲಿನ್ ಕೊಟ್ಟರೆ ಯಾರ ಆಕ್ಷೇಪವೂ ಇಲ್ಲ. ಆದರೆ ಚುಚ್ಚಿದ ಜಾಗ ನೋಯದಿರಲೆಂದೂ ಮದ್ದು ನಿಧಾನವಾಗಿ ಇಳಿಯಲೆಂದೂ ಅದರೊಡನೆ ಪ್ರೊಕೇನ್ ಸೇರಿರುತ್ತದೆ. ಪ್ರೊಕೇನ್ ಅರಿವಳಿಕೆ, ಆದ್ದರಿಂದ ನಿಷಿದ್ಧ, ಮತ್ತು ಅದರ ಕುರುಹು ವಾರಗಟ್ಟಲೆ ಮೂತ್ರದಲ್ಲಿ ಉಳಿಯಬಲ್ಲದು. ಕೊಟ್ಟ ಮದ್ದು ಹೀಗೆ ಹಾಕಿದ ಮದ್ದಾಗಿ ಮಾರ್ಪಡುತ್ತದೆ. ಮೇವಿನಿಂದಲೂ ಹೀಗಾಗುವುದುಂಟು. 2014ರ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೆಯದಾಗಿ ಬಂದ ರಾಣಿ ಎರಡನೆಯ ಎಲಿಜಬೆತ್ತಳ ‘ಎಸ್ಟಿಮೇಟ್’ ಎಂಬ ಕುದುರೆಯ ಮೂತ್ರದಲ್ಲಿ ಮಾರ್ಫಿನ್ ಕಂಡಿತು. ಮೇವಿನಲ್ಲಿ ಗಸಗಸೆಯ ಗಿಡದ ಅಂಶ ಬೆರೆತಿತ್ತು. ಯಾರದೂ ತಪ್ಪಿಲ್ಲವೆಂದು ತಿಳಿದರೂ ಸ್ಥಾನ ಹೋಯಿತು. ಹುಲ್ಲಿನೊಡನೆ ಉಮ್ಮತ್ತದ ಗಿಡ ಸೇರಿದರೂ ಇದೇ ಗತಿಯಾಗಬಾರದೆಂದು ಈಗ ಅದರ ವಿಷಾಂಶಗಳಿಗೆ, ಕಾಫಿ ಮತ್ತು ಕೋಕೋದ ಅಂಶಗಳಿಗೆ, ಅಂತರರಾಷ್ಟ್ರೀಯವಾಗಿ ಸಹ್ಯಮಿತಿಗಳನ್ನು ಗೊತ್ತುಮಾಡಿದ್ದಾರೆ. ಸ್ಥಾವರ, ಜಂಗಮ ವಿಷಗಳನ್ನು ವಿಸ್ತಾರವಾಗಿ ವಿವೇಚಿಸಿದ ‘ಖಗೇಂದ್ರಮಣಿದರ್ಪಣ’ದ ಮಂಗರಾಜನಿಗೆ ಈ ಕೋಷ್ಟಕಗಳು ಅಪರಿಚಿತವೆನಿಸಲಾರವು.

ಆದರೆ ನನ್ನ ದೃಷ್ಟಿಯಲ್ಲಿ ಗಂಭೀರವಾದ ಪ್ರಶ್ನೆ ನೋವುನಿವಾರಕದ್ದು. 1968ರ ಕೆಂಟಕಿ ಡರ್ಬಿಯನ್ನು ಗೆದ್ದ ‘ಡ್ಯಾನ್ಸರ್ಸ್ ಇಮೇಜ್’ ಎಂಬ ಕುದುರೆಯ ಕಾಲಿನ ಗೆಣ್ಣು ನೋಯುತ್ತಿತ್ತು. ಅದಕ್ಕೆ ಫಿನೈಲ್‌ಬ್ಯೂಟಜೋನ್ ಕೊಟ್ಟದ್ದು ಓಟಕ್ಕೆ ಸುಮಾರು ಆರು ದಿನ ಮೊದಲು ಎಂದು ವೈದ್ಯ ಹೇಳಿದನು. ಪರೀಕ್ಷೆಯಲ್ಲಿ ಅದು ಸಿಕ್ಕಿತು, ಗೆಲುವು ರದ್ದಾಯಿತು, ಎರಡನೆಯದಾಗಿದ್ದ ‘ಫಾರ್ವರ್ಡ್ ಪಾಸ್’ ವಿಜಯಿಯಾಯಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೆಲವೇ ವರ್ಷಗಳಲ್ಲಿ ಅದೇ ಕೆಂಟಕಿ ಅದೇ ಔಷಧಕ್ಕೆ ಅನುಮತಿ ಕೊಟ್ಟಿತು. ಓಟದಲ್ಲಿ ಶ್ವಾಸಕೋಶದಿಂದ ರಕ್ತ ಸ್ರವಿಸುವ ಕುದುರೆಗಳಿಗೆ ಓಟದ ದಿನವೇ ಫ್ಯೂರೊಸಿಮೈಡ್ ಚುಚ್ಚುವುದನ್ನೂ ಅಮೆರಿಕದ ರಾಜ್ಯಗಳು ಒಂದೊಂದಾಗಿ ಒಪ್ಪಿದವು. 1995ರಲ್ಲಿ ನ್ಯೂಯಾರ್ಕ್ ಕೊನೆಯದಾಗಿ ಒಪ್ಪಿತು. 2020ರ ಸಂಯುಕ್ತ ಕಾನೂನು ಬಂದ ಮೇಲೆ ಅಲ್ಲಿ ಮತ್ತೆ ಬಿಗಿ ಮಾಡುತ್ತಿದ್ದಾರೆ. ಬೇರೆ ಹಲವು ದೇಶಗಳಲ್ಲಿ ಮೂಗಿನಿಂದ ರಕ್ತ ಸುರಿಸಿದ ಕುದುರೆಯನ್ನು ಗೊತ್ತಾದ ಅವಧಿಯವರೆಗೆ ಓಡಿಸುವಂತಿಲ್ಲ, ಅಷ್ಟೆ. ಇವೆರಡು ನಿಲುವುಗಳಲ್ಲಿ ಕೌಟಿಲ್ಯನ ಹನ್ನೆರಡು ಪಣದ ದಂಡಕ್ಕೆ ಯಾವುದು ಹತ್ತಿರ ಎಂಬುದು ತಿಳಿಯದ ಮಾತಲ್ಲ. ಒಂದು ಮದ್ದು ಕೊಟ್ಟು ಓಡಿಸೆನ್ನುತ್ತದೆ, ಇನ್ನೊಂದು ಮದ್ದು ಕೊಟ್ಟರೆ ನಿಲ್ಲಿಸೆನ್ನುತ್ತದೆ. ನೋವು ಎಂಬುದು ಮಾತು ಬಾರದ ಪ್ರಾಣಿ ತನ್ನ ಕಾಲಿನ ಸ್ಥಿತಿಯನ್ನು ತಿಳಿಸುವ ಬಗೆ. ಅದನ್ನು ಅಡಗಿಸಿ ಓಡಿಸಿದರೆ ಬಿರುಕು ಬಿಟ್ಟ ಮೂಳೆ ಮುರಿಯುವವರೆಗೆ ಸವಾರನಿಗೂ ತಿಳಿಯುವುದಿಲ್ಲ.

ಪಂದ್ಯದ ನಿಯಮಗಳು ಮೊದಲು ಹುಟ್ಟಿದ್ದು ಪಣ ಕಟ್ಟಿದವನ ರಕ್ಷಣೆಗೆ. ಕುದುರೆಯ ಕ್ಷೇಮದ ಮಾತು ಅವುಗಳಲ್ಲಿ ಮುಂದಕ್ಕೆ ಬಂದದ್ದು ಈಚೆಗೆ. ಕೌಟಿಲ್ಯನ ಕರುಣೆಯನ್ನೂ ನಾವು ಉಬ್ಬಿಸಿ ಹೇಳಬೇಕಾಗಿಲ್ಲ. ಅವನಿಗೆ ಕುದುರೆ ರಾಜನ ಸೊತ್ತು, ಅದಕ್ಕಾಗಿಯೇ ದಂಡದ ಕೊನೆಯ ಮಿತಿ ಅದರ ಬೆಲೆ. ಆದರೂ ಯುದ್ಧ, ರೋಗ, ಮುಪ್ಪು, ದುಡಿಮೆಗಳಿಂದ ಸವೆದ ಕುದುರೆಗೆ ಬದುಕಿಗೆ ಬೇಕಾದಷ್ಟು ಮೇವು ಹಾಕಿ ಸಾಕಬೇಕೆಂದು ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ. ಓಟ ನಿಲ್ಲಿಸಿದ ಕುದುರೆಯ ಮೇವಿನ ಹೊಣೆಯನ್ನು ಪಂದ್ಯದ ಕಟ್ಟಳೆಗಳು ಓಟದ ದಿನದ ಮೂತ್ರಕ್ಕೆ ಕೊಟ್ಟಷ್ಟು ನಿಷ್ಠುರವಾಗಿ ಬರೆದಿಲ್ಲ.

ಮಾಂಸ ಮತ್ತು ಸುರೆಯ ಮಾತನ್ನು ಮತ್ತೆ ಎತ್ತುವುದಾಗಿ ಹೇಳಿದ್ದೆ. ಅರ್ಥಶಾಸ್ತ್ರದ ಒಂದು ಪ್ರಸ್ಥ ಸುರೆಯನ್ನು ಇಂದು ಕುದುರೆಗೆ ಕುಡಿಸಿ ಓಡಿಸಿದರೆ ಅದು ನಿಷಿದ್ಧ ದ್ರವ್ಯವೇ, ಮದ್ಯಸಾರ ಪಟ್ಟಿಯಲ್ಲಿದೆ. ಇತ್ತ ನಮ್ಮಲ್ಲಿ ಈ ದ್ರವ್ಯಗಳ ನಿಷೇಧಕ್ಕೆ ಬೇರೊಂದು ಚರಿತ್ರೆಯಿದೆ. ‘ಕಲ್ಯಾಣಕಾರಕ’ದ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ಮಾಂಸವನ್ನು ಔಷಧವೆನ್ನುವ ವೈದ್ಯರನ್ನು ಖಂಡಿಸಿ ವಾದಿಸಿದನು, ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದಾಗ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ನಿರೂಪಿಸಿದನು. ಇವು ಮನುಷ್ಯನ ವೈದ್ಯ. ಸಂಸ್ಕೃತದ ಹಯಶಾಸ್ತ್ರವು ಮಾಂಸರಸ, ಸುರೆಗಳನ್ನು ಕುದುರೆಯ ಬಲಕ್ಕೆಂದು ಹೇಳುವ ಕಡೆಗಳಲ್ಲೆಲ್ಲ ಅದನ್ನು ಕನ್ನಡಿಸಿದ ಜೈನ ಪಂಡಿತನು ಏನು ಮಾಡುತ್ತಾನೆ, ಬಿಟ್ಟುಬಿಡುತ್ತಾನೋ, ಹಾಲು ಹುರುಳಿಗಳಿಂದ ತುಂಬುತ್ತಾನೋ, ಶಾಸ್ತ್ರಕ್ಕೆ ನಿಷ್ಠನಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾನೋ ಎಂಬುದು ಪಾಠವನ್ನು ಎದುರಿಗಿಟ್ಟುಕೊಂಡು ಪದ್ಯ ಪದ್ಯ ಹೋಲಿಸಿ ಹೇಳಬೇಕಾದ ಸಂಗತಿ. ಅಭಿನವಚಂದ್ರ, ಪದ್ಮಣಪಂಡಿತರನ್ನು ಜಯದತ್ತನ ‘ಅಶ್ವವೈದ್ಯಕ’ದೊಡನೆ ಹೀಗೆ ಓದುವ ಕೆಲಸವು ಒಂದು ಸಂಶೋಧನ ಪ್ರಬಂಧಕ್ಕೆ ಸಾಕಾಗುವಷ್ಟಿದೆ. ಆಸಕ್ತ ವಿದ್ಯಾರ್ಥಿಗಳು ಮೇವಿನ ಪ್ರಕರಣದಿಂದ ಆರಂಭಿಸಿದರೆ ಅನುಕೂಲ. ಅಲ್ಲಿ ದ್ರವ್ಯಗಳ ಹೆಸರುಗಳು ನಿಘಂಟಿಗೆ ಬೇಗ ಸಿಗುತ್ತವೆ.